ಒಂಬತ್ತು ಕಿಲೋಗೆ ಎಂಬತ್ತು ಗ್ರಾಂ ಕಡಿಮೆ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬಚ್ಚಲುಮನೆಯ ಬಾಗಿಲ ಪಕ್ಕ, ನೀರುಗುಳ್ಳೆ ನೋಡಿ ಮಟ್ಟ ಮಾಡಿಟ್ಟ ತೂಕದ ಯಂತ್ರದ ಮೇಲೆ, ಒಂದು ಒಳಂಗಿ ಮಾತ್ರ ತೊಟ್ಟುಕೊಂಡು ಚಿಟಿಕೆ ನಿಂತಿದ್ದಳು. ಇಪ್ಪತ್ತು ತಿಂಗಳ ಮಗು ಸಾಮಾನ್ಯವಾಗಿ ಯಾವ ಯಂತ್ರದ ಮೇಲೂ ನೆಟ್ಟಗೆ ನಿಲ್ಲುವುದಿಲ್ಲ. ಚಿಟಿಕೆ ನಿಲ್ಲುತ್ತಿದ್ದಳು. "ಕಂಬ!" ಎಂದರೆ ಸಾಕು, ಎರಡೂ ಕೈಗಳನ್ನು ತೊಡೆಗೆ ಅಂಟಿಸಿ, ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದಳು. ಅಂಕಿಗಳು ಆಚೀಚೆ ಓಡಾಡಿ ಒಂದು ಕಡೆ ಕೂತ ಮೇಲೆ ತಕ್ಕಡಿ ಸಾಹೇಬ ಮೂರು ಸಲ ಚಪ್ಪಾಳೆ ತಟ್ಟಬೇಕು. ಆಗ ಕಂಬಕ್ಕೆ ಜೀವ ಬಂದು ಅವನ ಮೊಣಕಾಲಿಗೆ ಬಂದು ಬೀಳುತ್ತಿತ್ತು. ಈ ಆಟ ಕಲಿಸಿದವನು ಅವನೇ.

"ಎಷ್ಟು?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಎಂಟು ಕಿಲೋ ಒಂಬೈನೂರ ಇಪ್ಪತ್ತು."

ಪಾತ್ರೆ ತೊಳೆಯುವ ಸದ್ದು ನಿಂತಿತು. "ಅಂದ್ರೆ ಎಂಬತ್ತು ಕಡಿಮೆ."

"ಎಂಬತ್ತು ಕಡಿಮೆ."

"ಮಂಗಳವಾರದ ತನಕ ಹೀಗೇ ಇರುತ್ತಾ?"

ಅವನು ಮಗುವಿಗೆ ಅಂಗಿ ತೊಡಿಸತೊಡಗಿದ. ಅಳತೆಯ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಅಭ್ಯಾಸವಿಲ್ಲ.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅವನು ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಲಾರಿಗಳನ್ನು ತೂಗುವ ಕಬ್ಬಿಣದ ಹಾಸು, ಎಲ್ಲಕ್ಕೂ ವರ್ಷಕ್ಕೊಮ್ಮೆ ಅವನ ಸೀಸದ ಮುದ್ರೆ ಬೀಳಬೇಕು. ಮಾರುಕಟ್ಟೆಯವರು ಬೆನ್ನ ಹಿಂದೆ ಇಟ್ಟ ಹೆಸರು ತಕ್ಕಡಿ ಸಾಹೇಬ. ಅದು ಹೇಗೋ ಮನೆಯೊಳಗೂ ಬಂದು ಸೇರಿಕೊಂಡಿತ್ತು. ಅತ್ತೆ, ಅಂದರೆ ಹೆಂಡತಿಯ ತಾಯಿ, ಸಮಾಧಾನದಲ್ಲಿದ್ದಾಗ "ಅಳಿಯಂದ್ರೇ" ಎನ್ನುತ್ತಿದ್ದರು. ಸಿಟ್ಟು ಬಂದಾಗ "ತಕ್ಕಡಿ ಸಾಹೇಬ್ರೇ" ಎನ್ನುತ್ತಿದ್ದರು.

ಚಿಟಿಕೆ ಅವರ ಮಗುವಲ್ಲ. ಮಕ್ಕಳ ಆರೈಕೆ ಕೇಂದ್ರದವರು ಏಳೂವರೆ ತಿಂಗಳ ಹಿಂದೆ ಒಂದು ಟವೆಲ್ಲಿನಲ್ಲಿ ಸುತ್ತಿ ಇವರ ಕೈಗೆ ಕೊಟ್ಟಿದ್ದರು. ತಾಯಿ ತೀರಿಕೊಂಡಿದ್ದಳು, ತಂದೆಯ ಸುಳಿವಿರಲಿಲ್ಲ. ತಾಯಿಯ ಅಕ್ಕ ಒಬ್ಬಳಿದ್ದಳು, ಎರಡು ದಿನದ ಪ್ರಯಾಣದಷ್ಟು ದೂರದಲ್ಲಿ, ಆಸ್ಪತ್ರೆಯಿಲ್ಲದ ಊರಿನಲ್ಲಿ. ಮಗು ಒಂಬತ್ತು ಕಿಲೋ ಮುಟ್ಟುವ ತನಕ ವೈದ್ಯರ ಕಣ್ಣಳತೆಯಲ್ಲಿ ಯಾರಾದರೂ ಸಾಕಬೇಕು, ಮುಟ್ಟಿದ ಮೇಲೆ ದೊಡ್ಡಮ್ಮನಿಗೆ ಒಪ್ಪಿಸಬೇಕು: ಇದು ಒಪ್ಪಂದ. ಮಕ್ಕಳಿಲ್ಲದ ಗಂಡ ಹೆಂಡತಿ ಓದಿ, ತಿಳಿದು, ಸಹಿ ಹಾಕಿದ್ದರು. ಬಂದಾಗ ಮಗುವನ್ನು ಎತ್ತಿಕೊಂಡ ಅತ್ತೆ, "ಇದೇನು, ಒಂದು ಚಿಟಿಕೆ ಇದೆಯಲ್ಲೇ" ಎಂದಿದ್ದರು. ಹೆಸರು ಹಾಗೇ ಉಳಿಯಿತು.

ಒಪ್ಪಂದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಮಗು ಒಂದು ಮನೆಯಲ್ಲಿ ಎಂಟು ತಿಂಗಳು ದಾಟಿ ಉಳಿದರೆ, ಸಾಕಿದವರೂ ಮಗುವನ್ನು ಕೇಳಬಹುದು. ಅವರ ಮಾತನ್ನೂ ಅಧಿಕಾರಿಗಳು ಕೇಳಬೇಕು. ಎಂಟು ತಿಂಗಳಿಗೆ ಇನ್ನು ಎರಡು ವಾರ ಬಾಕಿ. ತೂಕ ನೋಡುವುದು ತಿಂಗಳಿಗೊಮ್ಮೆ. ಈ ಮಂಗಳವಾರ ಒಂಬತ್ತು ಮುಟ್ಟದಿದ್ದರೆ ಮುಂದಿನದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಎಂಟು ತಿಂಗಳು ದಾಟಿರುತ್ತದೆ. ಮುಟ್ಟಿದರೆ ಅಲ್ಲಿಗೆ ಮುಗಿಯಿತು.

ಹೋದ ತಿಂಗಳು ಕೇಂದ್ರದ ಹೊಸ ಯಂತ್ರ ಮಗುವನ್ನು ಎಂಟು ಕಿಲೋ ಐನೂರ ನಲವತ್ತು ಎಂದು ತೂಗಿತ್ತು. ಅದೇ ಬೆಳಿಗ್ಗೆ ಮನೆಯಲ್ಲಿ ಎಂಟು ಏಳುನೂರ ಇಪ್ಪತ್ತು. ಈ ವ್ಯತ್ಯಾಸ ಹಲ್ಲಿನ ಸಂದಿಯ ನಾರಿನ ಹಾಗೆ ತಕ್ಕಡಿ ಸಾಹೇಬನನ್ನು ಕಾಡಿತು. ಮರುದಿನವೇ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದುಕೊಂಡು ಕೇಂದ್ರಕ್ಕೆ ಹೋದ. ಯಂತ್ರ ಪ್ರತಿ ಮಗುವನ್ನೂ ಕಡಿಮೆ ತೂಗುತ್ತಿತ್ತು. ಸಣ್ಣ ಸ್ಕ್ರೂಡ್ರೈವರ್ ಹಾಕಿ ಸರಿ ಮಾಡಿ, ತನ್ನ ಮುದ್ರೆ ಒತ್ತಿ, ಸಂಜೆ ಹುಲಿ ಹೊಡೆದು ಬಂದವನ ಹಾಗೆ ಮನೆಗೆ ಬಂದು ಟೀ ಕುಡಿಯುತ್ತ ಎಲ್ಲವನ್ನೂ ವಿವರವಾಗಿ ಹೇಳಿದ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಮನೆಗೆ ತಂದಿದ್ದ ಒಂದು ಫ್ರೇಮಿನ ಕಾಲನ್ನು ಬಿಸಿ ಮಾಡಿ ಬಗ್ಗಿಸುತ್ತ ಕೂತಿದ್ದವಳು ತಲೆ ಎತ್ತಿ ಕೇಳಿದಳು: "ಮುಂದಿನ ಸಲ ಚಿಟಿಕೆಯನ್ನ ನಿಲ್ಲಿಸೋದು ಅದರ ಮೇಲೇ ಅಲ್ವಾ?"

ಟೀ ಲೋಟ ಅವನ ಕೈಯಲ್ಲೇ ಆರಿತು. ಆ ಕ್ಷಣದ ತನಕ ಅದು ಅವನಿಗೆ ಹೊಳೆದೇ ಇರಲಿಲ್ಲ.

ಹೀಗಿರುವಾಗ ಬಂದಿತ್ತು ಮೂರು ದಿನದ ರಜೆ. ಶನಿವಾರ, ಭಾನುವಾರ, ಸೋಮವಾರ ಸರ್ಕಾರಿ ರಜೆ. ಮಂಗಳವಾರ ಹತ್ತು ಗಂಟೆಗೆ ತೂಕ. ಮೂರು ದಿನವೂ ಮಗುವನ್ನು ಹೊರಗೆ ಕರೆದುಕೊಂಡು ಹೋಗೋಣ ಎಂದವಳು ಹೆಂಡತಿಯೇ. ಯಾಕೆ ಎಂದು ಯಾರೂ ಕೇಳಲಿಲ್ಲ.

ಶನಿವಾರಕ್ಕೆ ಅವಳು ಆರಿಸಿದ್ದು ಊರಂಚಿನ ಗುಡ್ಡದ ಪಾರ್ಕು. ಹತ್ತಲು ಮೆಟ್ಟಿಲುಗಳು, ಮೇಲೆ ಹುಲ್ಲು, ಗಾಳಿ. ಒಂದು ಪುಟ್ಟ ಅಂಗಡಿಯೂ ಇಲ್ಲ. ಬಸ್ಸಿನಲ್ಲಿ ಕೂತಾಗ ಅವನು ಚೀಲದೊಳಗೆ ಇಣುಕಿದ: ಎರಡು ನೀರಿನ ಬಾಟಲಿ, ಬದಲಿಸುವ ಬಟ್ಟೆ, ಒಂದೇ ಒಂದು ಬಾಳೆಹಣ್ಣು.

"ಒಂದೇನಾ?"

"ಅವಳು ತಿಂದ್ರೆ ತಾನೇ," ಎಂದು ಹೆಂಡತಿ ಕಿಟಕಿಯ ಕಡೆ ತಿರುಗಿದಳು.

ಅದೂ ನಿಜ. ಚಿಟಿಕೆ ತಿನ್ನುವವಳಲ್ಲ, ತಿನ್ನಿಸಿಕೊಳ್ಳುವವಳು. ನಲ್ಲಿ ಬಿಟ್ಟು ನೀರು ತೋರಿಸುತ್ತ ಒಂದು ತುತ್ತು, ಬಾಗಿಲ ಚಿಲಕ ಆಡಿಸುತ್ತ ಒಂದು, ಅರೆನಿದ್ದೆಯಲ್ಲಿ ಇನ್ನೆರಡು. ಬಾಯಿಗೆ ಹೋದದ್ದನ್ನು ಕೆನ್ನೆಯಲ್ಲಿ ಅಡಗಿಸಿಟ್ಟು ಅರ್ಧ ಗಂಟೆ ಬಿಟ್ಟು ಸೋಫಾದ ಮೇಲೆ ಉಗಿಯುತ್ತಿದ್ದಳು. ಹಸಿವಾದರೆ ಅಳುತ್ತಿರಲಿಲ್ಲ. ಬಂದ ಹೊಸದರಲ್ಲಂತೂ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಕೇಳಿದರೂ ಸಿಗದ ಮಗು ಕೇಳುವುದನ್ನೇ ಮರೆಯುತ್ತದೆ ಎಂದು ವೈದ್ಯರು ಹೇಳಿದ್ದರು. ಬಂದ ಮೇಲೆ ಏರಿದ ಒಂದೊಂದು ಗ್ರಾಮನ್ನೂ ಇವರಿಬ್ಬರು ಮತ್ತು ಅತ್ತೆ ಸೇರಿ ಉಪಾಯದಿಂದ ಕದ್ದು ಅವಳೊಳಗೆ ಇಟ್ಟಿದ್ದರು.

ಗುಡ್ಡದ ಮೇಲೆ ನೋಡಲು ಇಡೀ ಊರೇ ಇತ್ತು. ಚಿಟಿಕೆಗೆ ಬೇಕಾದದ್ದು ಚರಂಡಿಯ ಕಬ್ಬಿಣದ ಜಾಲರಿ. ಅದರ ಕಿಂಡಿಯಿಂದ ಕಲ್ಲು ಹಾಕಿ, ಅದು 'ಡುಳುಕ್' ಎಂದ ಮೇಲೆ ತಲೆ ಎತ್ತಿ ಎಲ್ಲರ ಮುಖ ನೋಡಿ, ಮತ್ತೊಂದು ಕಲ್ಲು ತರಲು ಓಡುವಳು. ಓಡು ಓಡು ಎಂದು ಹೆಂಡತಿ ಹುರಿದುಂಬಿಸಿದಳು. ದೂರದೂರದ ಕಲ್ಲುಗಳನ್ನು ತೋರಿಸಿದಳು. "ಅಲ್ಲಿ ನೋಡು ಕಂದಾ, ಆ ಮರದ ಹತ್ರ, ಎಷ್ಟು ದೊಡ್ಡದು!" ಮಗು ಓಡಿತು. ಕೆನ್ನೆ ಕೆಂಪಾಯಿತು, ಹಣೆಯ ಕೂದಲು ಬೆವರಿಗೆ ಅಂಟಿತು. ತಕ್ಕಡಿ ಸಾಹೇಬ ಬೆಂಚಿನ ಮೇಲೆ ಕೂತು ಆ ಬೆವರನ್ನೇ ನೋಡುತ್ತಿದ್ದ. ತಾನು ಅದನ್ನು ಗ್ರಾಮಿನಲ್ಲಿ ನೋಡುತ್ತಿದ್ದೇನೆ ಎಂದು ಗೊತ್ತಾದಾಗ ತನ್ನ ಮೇಲೇ ಅಸಹ್ಯವಾಗಿ ಕಣ್ಣು ತೆಗೆದ.

ಪಕ್ಕದ ಬೆಂಚಿಗೆ ಇನ್ನೊಂದು ಕುಟುಂಬ ಬಂದು ಕೂತಿತು. ಅಪ್ಪ ಮಗನಿಗೆ ಬಾಳೆಹಣ್ಣು ಸುಲಿದುಕೊಟ್ಟ. ಚಿಟಿಕೆ ಕೈಯಲ್ಲಿದ್ದ ಕಲ್ಲನ್ನು ಕೆಳಗೆ ಹಾಕಿದಳು. ಆ ಹುಡುಗನ ಎದುರು ಹೋಗಿ, ಅವನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಅವನು ಅಗಿಯುವುದನ್ನು ನೋಡಿದಳು. ಆಮೇಲೆ ಹಿಂದೆ ತಿರುಗಿ, ಹೆಂಡತಿಯ ಕಡೆ ನೋಡಿ, ಬಾಯಿ ತೆರೆದಳು.

"ಬೇಕು."

ಅವಳು ಆ ಮಾತು ಹೇಳಿದ್ದು ಅದೇ ಮೊದಲು.

ಹೆಂಡತಿಯ ಕೈ ಚೀಲಕ್ಕೆ ಹೋಯಿತು. ಜಿಪ್ಪಿನ ಮೇಲೆ ನಿಂತಿತು. ಬಹಳ ಹೊತ್ತೇನೂ ಅಲ್ಲ, ಒಂದು ಉಸಿರು ಎಳೆದು ಬಿಡುವಷ್ಟು. ಆ ಕೈ ನಿಂತದ್ದನ್ನು ಗಂಡ ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಆಮೇಲೆ ಜಿಪ್ಪು ಎಳೆದಳು. ಚಿಟಿಕೆ ಇಡೀ ಹಣ್ಣನ್ನು, ಉಗಿಯದೆ, ಅಡಗಿಸದೆ ತಿಂದು ಮುಗಿಸಿ, ಸಿಪ್ಪೆಯನ್ನು ತಿರುಗಿಸಿ ಅದರೊಳಗೂ ಇಣುಕಿ ನೋಡಿದಳು.

"ತೊಂಬತ್ತು ಗ್ರಾಂ," ಎಂದ ತಕ್ಕಡಿ ಸಾಹೇಬ. ಬಾಯಿ ತಪ್ಪಿ ಬಂದಿತ್ತು.

"ಬಾಯಿ ಮುಚ್ಚಿ," ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. ಅದು ಯಾವ ನೀರು ಎಂದು ಕೇಳುವ ಧೈರ್ಯ ಅವನಿಗೆ ಆಗಲಿಲ್ಲ.

ಭಾನುವಾರ ಕೆರೆ. ಅತ್ತೆಯೂ ಹೊರಟರು, ತೋಳಿಗೆ ತಮ್ಮ ಹಳೆಯ ಕೈಚೀಲ ಸಿಕ್ಕಿಸಿಕೊಂಡು. ಕಾಲಲ್ಲಿ ತುಳಿಯುವ ದೋಣಿಯೊಂದನ್ನು ಬಾಡಿಗೆಗೆ ಹಿಡಿದರು. ಬಾತುಕೋಳಿಯ ಆಕಾರದ್ದು, ಕೊಕ್ಕಿನ ಬಣ್ಣ ಅರ್ಧ ಎದ್ದುಹೋಗಿತ್ತು. ಮುಂದೆ ಗಂಡ ಹೆಂಡತಿ ತುಳಿಯುತ್ತಿದ್ದರು, ಹಿಂದೆ ಅತ್ತೆಯ ಮಡಿಲಲ್ಲಿ ಮಗು. ನೀರಿನ ಮೇಲೆ ಬಿಸಿಲು ಚೂರುಚೂರಾಗಿ ಅಲ್ಲಾಡುತ್ತಿತ್ತು. ದಡದಲ್ಲಿ ಗಾಳಿಪಟ, ಮಕ್ಕಳ ಕೂಗು, ಐಸ್‌ಕ್ರೀಮಿನ ಗಾಡಿಯ ಗಂಟೆ. ನೋಡಿದವರು ಇವರನ್ನು ಸುಖವಾಗಿರುವ ಮನೆಯವರು ಎಂದುಕೊಳ್ಳುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಚಿಟಿಕೆ ನೀರಿಗೆ ಕೈ ಬಿಟ್ಟು ಕೇಕೆ ಹಾಕಿದಾಗ ನಾಲ್ಕೂ ಜನ ನಕ್ಕರು.

ಕೆರೆಯ ನಡುವೆ ಬಂದಾಗ ಹಿಂದಿನಿಂದ ಕಾಗದದ ಸರಪರ ಸದ್ದು ಬಂತು. ಹೆಂಡತಿ ತಿರುಗಿ ನೋಡಿದಳು. ಚಿಟಿಕೆಯ ಎರಡೂ ಕೈಯಲ್ಲಿ ಬನ್ನು. ಕೆನ್ನೆಯ ತುಂಬ ಬನ್ನು.

"ಅಮ್ಮಾ! ಹೊರಡೋಕೆ ಮುಂಚೆ ಚೀಲ ನೋಡಿದ್ದೆ ನಾನು."

"ನನ್ನ ಚೀಲ ನೋಡಿದ್ಯಾ? ಇಲ್ಲವಲ್ಲ."

"ಆಗ್ಲೇ ಹೇಳಿದ್ನಲ್ಲ, ಎರಡೇ ದಿನ..."

"ಬೇಕು ಅಂತು. ಕೊಟ್ಟೆ. ನಾನು ಮೂರು ಮಕ್ಕಳನ್ನ ಸಾಕಿದೀನಿ, ಒಂದನ್ನೂ ತೂಗಿಲ್ಲ. ಏನ್ರೀ ತಕ್ಕಡಿ ಸಾಹೇಬ್ರೇ, ತಪ್ಪಾಯ್ತಾ?"

ಅವನು ತುಳಿಯುತ್ತಲೇ ಇದ್ದ. ಹೆಂಡತಿ ತುಳಿಯುವುದನ್ನು ನಿಲ್ಲಿಸಿದ್ದಳು; ದೋಣಿ ಒಂದೇ ಕಡೆ ಸುತ್ತತೊಡಗಿತು.

"ಅವರನ್ನ ಯಾಕೆ ಕೇಳ್ತೀಯಮ್ಮ," ಎಂದಳು ತಗ್ಗಿದ ದನಿಯಲ್ಲಿ. "ಯಾರೂ ಕರೀದೆ ಹೋಗಿ ರಿಪೇರಿ ಮಾಡಿ ಬಂದವರು ಅವರು. ಸುಮ್ನೆ ಇದ್ದಿದ್ರೆ ಈ ಮಂಗಳವಾರ ಎಂಟೂ ಮುಕ್ಕಾಲೂ ತೋರಿಸ್ತಿರಲಿಲ್ಲ ಆ ಯಂತ್ರ. ಬನ್ನು ಅಲ್ಲ, ಬೇಕರಿನೇ ತಿನ್ನಿಸಬಹುದಿತ್ತು."

"ಔಷಧ ಕೊಡೋದು ತೂಕ ನೋಡಿ," ಎಂದ ಅವನು. "ತೂಕ ತಪ್ಪಾದ್ರೆ ಡೋಸು ತಪ್ಪುತ್ತೆ. ಅಲ್ಲಿಗೆ ಎಷ್ಟು ಮಕ್ಕಳು ಬರ್ತಾವೆ..."

"ಗೊತ್ತು ರೀ. ನೀವು ಹೇಳೋದೆಲ್ಲ ಸರಿಯಾಗೇ ಇರುತ್ತೆ. ಅದೇ ನನ್ನ ಕರ್ಮ."

ಫೋನು ಬಂತು. ಭಾನುವಾರದ ಫೋನು, ಚಿಟಿಕೆಯ ದೊಡ್ಡಮ್ಮ ಪ್ರತಿ ಭಾನುವಾರ ಇದೇ ಹೊತ್ತಿಗೆ ಮಾಡುತ್ತಿದ್ದಳು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಆದರೆ ಅವಳು ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು ಇವರ ಆರೋಗ್ಯ. ಆಮೇಲೆ ಹಿಂಜರಿಯುತ್ತ ಮಗುವಿನದು. ಮಗುವಿಗೆಂದು ಬಡಗಿಯ ಹತ್ತಿರ ತೊಟ್ಟಿಲಿಗಿಂತ ದೊಡ್ಡದಾದ ಮಂಚ ಮಾಡಿಸಿದ್ದಳು. ಆಟಿಕೆಯೊಂದನ್ನು ಕೊಳ್ಳಬೇಕಾದರೂ ಯಾವ ಬಣ್ಣ ಇಷ್ಟ ಎಂದು ಇವರನ್ನೇ ಕೇಳುತ್ತಿದ್ದಳು.

"ಊಟ ಮಾಡ್ತಾಳಾ ಅಕ್ಕಾ?" ಸ್ಪೀಕರಿನಲ್ಲಿ ಗಾಳಿಯ ನಡುವೆ ಕೇಳಿತು.

ಹೆಂಡತಿ ಹಿಂದೆ ತಿರುಗಿ ಬನ್ನು ಅಗಿಯುವ ಮಗುವನ್ನು ನೋಡಿದಳು. ಇಲ್ಲ ಎನ್ನಬಹುದಿತ್ತು.

"ಮಾಡ್ತಾಳೆ. ನಿನ್ನೆಯಿಂದ ತಾನಾಗೇ ಬೇಕು ಅಂತಾಳೆ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. "ನನ್ನ ತಂಗಿ ಇದನ್ನ ಕೇಳಬೇಕಿತ್ತು," ಎಂದಳು ದೊಡ್ಡಮ್ಮ. "ನಿಮ್ಮ ಕೈಗುಣಕ್ಕೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ ಅಕ್ಕಾ."

ದೋಣಿ ಸುತ್ತುತ್ತಲೇ ಇತ್ತು. ದಡದಿಂದ ಬಾಡಿಗೆಯವನು ಸೀಟಿ ಊದಿ ಕೈ ಬೀಸಿದ, ಹೊತ್ತಾಯಿತು ಬನ್ನಿ ಎಂದು.

ಸೋಮವಾರ ಪುಟಾಣಿ ರೈಲು ಓಡುವ ಉದ್ಯಾನ. ಟಿಕೆಟ್ಟಿನ ಸಾಲು ಗೇಟಿನ ಹೊರಗಿನ ತನಕ ಬಂದಿತ್ತು. ರೈಲು ಮೂರು ಸುತ್ತು ಸುತ್ತಿತು. ಮೊದಲ ಸುತ್ತಿನಲ್ಲಿ ಚಿಟಿಕೆ ಹೆದರಿ ಅವನ ಅಂಗಿಯ ಗುಂಡಿ ಹಿಡಿದುಕೊಂಡಳು, ಎರಡನೆಯದರಲ್ಲಿ ಗುಂಡಿ ಬಿಟ್ಟಳು, ಮೂರನೆಯದರಲ್ಲಿ ದಾರಿಬದಿಯ ಎಲ್ಲರಿಗೂ ಟಾಟಾ ಮಾಡಿದಳು, ಒಂದು ಕಸದ ತೊಟ್ಟಿಗೂ ಕೂಡ. ಹೆಂಡತಿ ಫೋಟೋ ತೆಗೆದಳು. ಒಂದಾದ ಮೇಲೆ ಒಂದು, ನಿಲ್ಲಿಸದೆ ತೆಗೆದಳು.

ಹೊರಡುವಾಗ ಗೇಟಿನ ಬಳಿ ನಾಣ್ಯ ಹಾಕುವ ಹಳೆಯ ತೂಕದ ಯಂತ್ರ ಕಂಡಿತು. ಸುತ್ತ ಕೆಂಪು ನೀಲಿ ದೀಪ, ತುಕ್ಕು ಹಿಡಿದ ಹಾಸು. ಚಿಟಿಕೆ ಅವನ ಕೈ ಕಿತ್ತುಕೊಂಡು ಓಡಿ ಹೋಗಿ ಅದರ ಮೇಲೆ ಹತ್ತಿ, ಕೈಗಳನ್ನು ತೊಡೆಗೆ ಅಂಟಿಸಿ, ಕೆನ್ನೆ ಉಬ್ಬಿಸಿದಳು. ಸಾಲಿನಲ್ಲಿದ್ದವರು ನಕ್ಕರು. ಹೆಂಡತಿ ನಾಣ್ಯ ಹಾಕಿದಳು. ದೀಪ ತಿರುಗಿ, ಒಳಗೆ ಏನೋ ಕರಕರ ಎಂದು, ಚೀಟಿಯೊಂದು ಬಿದ್ದಿತು.

"ಎಂಟೂವರೆ!" ಎಂದಳು ಹೆಂಡತಿ. ಅವಳ ಮುಖ ಅರಳಿತು. ಏಳೂವರೆ ತಿಂಗಳಲ್ಲಿ ಅವಳ ವಯಸ್ಸು ಅಷ್ಟು ಕಡಿಮೆ ಕಂಡದ್ದನ್ನು ಅವನು ನೋಡಿರಲಿಲ್ಲ. "ಎಂಟೂವರೆ ರೀ!"

ಯಂತ್ರದ ಬದಿಯಲ್ಲಿ ಮುದ್ರೆಯ ಜಾಗ ಖಾಲಿಯಿತ್ತು. ಹಾಸು ಒಂದು ಕಡೆ ವಾಲಿತ್ತು. ಇಂಥ ಯಂತ್ರವನ್ನು ಅವನು ಕಂಡ ಕೂಡಲೇ ಬೀಗ ಹಾಕಿಸಬೇಕು. ಅದು ಅವನ ಕೆಲಸ. ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಏನೂ ಹೇಳಬೇಡಿ. ಮನೆ ಮುಟ್ಟೋ ತನಕ ಏನೂ ಹೇಳಬೇಡಿ."

ಅವನು ಹೇಳಲಿಲ್ಲ. ಬದಲಿಗೆ ಮೂರು ಸಲ ಚಪ್ಪಾಳೆ ತಟ್ಟಿದ. ಕಂಬ ಅವನ ಮೊಣಕಾಲಿಗೆ ಬಂದು ಬಿತ್ತು. ಬಸ್ಸಿನಲ್ಲಿ ಇಡೀ ದಾರಿ ಹೆಂಡತಿ ಆ ಚೀಟಿಯನ್ನು ಹಿಡಿದುಕೊಂಡೇ ಕೂತಿದ್ದಳು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅದನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದಳು.

ಸಂಜೆ ಬೆಳಕು ಹೋಗುವ ಮುಂಚೆ ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಚಿಕ್ಕ ಬಟ್ಟೆಗಳೇ ಹೆಚ್ಚು. ಒಳಗೆ ಅತ್ತೆ ಮಗುವಿಗೆ ಆಲೂಗಡ್ಡೆ ಬೇಯಿಸಿ ಹಿಸುಕಿ ಕೊಡುತ್ತಿದ್ದರು. "ಬೇಕು", "ಬೇಕು" ಎಂಬುದು ಗಡಿಯಾರದ ಹಾಗೆ ಕೇಳಿಬರುತ್ತಿತ್ತು.

"ನಿಮ್ಮ ಹತ್ರ ಆ ಸಣ್ಣ ಸ್ಕ್ರೂಡ್ರೈವರ್ ಇದೆಯಲ್ಲ," ಎಂದಳು ಹೆಂಡತಿ, ಕೈಯಲ್ಲಿದ್ದ ಕಾಲುಚೀಲದ ಜೋಡಿ ಹುಡುಕುತ್ತ.

"ಇದೆ."

"ಮುದ್ರೆಯೂ ನಿಮ್ಮದೇ."

"ಹೌದು."

"ನಾಳೆ ಒಂದರ್ಧ ಗಂಟೆ ಮುಂಚೆ ಹೋದ್ರೆ..." ಅಷ್ಟು ಹೇಳಿ ನಿಲ್ಲಿಸಿದಳು.

ಅವನು ಯೋಚಿಸದೇ ಇದ್ದವನೇನಲ್ಲ. ಮೂರು ದಿನದಿಂದ ಅವನ ಬೆರಳುಗಳು ಆ ಸ್ಕ್ರೂವನ್ನು ತಿರುಗಿಸುತ್ತಲೇ ಇದ್ದವು, ಬಸ್ಸಿನ ಸರಳು ಹಿಡಿದಾಗ, ದೋಣಿ ತುಳಿಯುವಾಗ. ಎಡಕ್ಕೆ ಕಾಲು ಸುತ್ತು. ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಆ ಹಾಸಿನ ಮೇಲೆ ಜ್ವರದ ಮಗುವೊಂದು ನಿಲ್ಲುತ್ತದೆ, ಅದರ ತಾಯಿ ಅಂಕಿ ನೋಡುತ್ತಾಳೆ, ನರ್ಸ್ ಆ ಅಂಕಿಗೆ ತಕ್ಕಷ್ಟು ಔಷಧ ಅಳೆಯುತ್ತಾಳೆ.

"ನೀನು ಹೇಳಿದ್ರೆ ಮಾಡ್ತೀನಿ," ಎಂದ. ಅದು ನಿಜವಾಗಿತ್ತು. ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು.

ಅವಳು ಕಾಲುಚೀಲದ ಜೋಡಿ ಹುಡುಕಿ, ಒಂದರೊಳಗೆ ಒಂದು ಮಡಿಸಿ ಇಟ್ಟಳು. "ಅದಕ್ಕೇ ಹೇಳಲ್ಲ," ಎಂದಳು. "ಹಾಗೆ ಉಳಿಸಿಕೊಂಡ ಮಗೂಗೆ ನಾಳೆ ಜ್ವರ ಬಂದ್ರೆ ಅದೇ ಯಂತ್ರದ ಮೇಲೆ ತಾನೇ ನಿಲ್ಲಿಸೋದು."

ಮಂಗಳವಾರ ಬೆಳಿಗ್ಗೆ ಬಚ್ಚಲುಮನೆಯ ಪಕ್ಕದ ಯಂತ್ರ ಎಂಟು ಕಿಲೋ ಒಂಬೈನೂರ ಅರವತ್ತು ತೋರಿಸಿತು. ನಲವತ್ತು ಕಡಿಮೆ. ಖಾಲಿ ಹೊಟ್ಟೆ. ಸ್ಕ್ರೂಡ್ರೈವರ್ ಬೇಡ, ಸುಳ್ಳು ಬೇಡ. ಹತ್ತು ಗಂಟೆಯ ತನಕ ಏನೂ ಕೊಡದಿದ್ದರೆ ಸಾಕು. ಉಸಿರು, ಬೆವರು ಇನ್ನಷ್ಟು ಇಳಿಸುತ್ತವೆ. ತೂಕಕ್ಕೆ ಮುಂಚೆ ಮಗುವಿಗೆ ತಿನ್ನಿಸಲೇಬೇಕೆಂದು ಯಾವ ನಿಯಮವೂ ಇಲ್ಲ. ಮೂರು ದಿನದಲ್ಲಿ ಮೊದಲ ಸಲ ಅವನು ಹೆಂಡತಿಯ ಮುಖ ನೋಡಿ, "ಆಗಬಹುದು" ಎಂದ. ಆ ಮಾತು ಅವನ ಬಾಯಲ್ಲಿ ಬಂದರೆ ಲೆಕ್ಕ ಹಾಕಿಯೇ ಬಂದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಾಟಲಿಗೆ ಹಾಲು ತುಂಬಿ ಟವೆಲ್ಲಿನಲ್ಲಿ ಸುತ್ತಿಟ್ಟಳು, ತೂಕ ಆದ ಕೂಡಲೇ ಕೊಡಲು.

ಕೇಂದ್ರದ ಓಣಿಯಲ್ಲಿ ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಕುರ್ಚಿಗಳು. ಮಕ್ಕಳ ಕೈಗೆ ಎಟಕುವಷ್ಟು ಎತ್ತರದ ತನಕ ಗೋಡೆಯ ಬಣ್ಣ ಕಿತ್ತುಹೋಗಿತ್ತು. ರಜೆಯ ಮರುದಿನ, ಜನ ಹೆಚ್ಚು. ಹತ್ತಾಯಿತು. ವೈದ್ಯರು ಬಂದಿಲ್ಲ ಎಂದರು. ಹತ್ತೂವರೆಯಾಯಿತು.

"ಬೇಕು," ಎಂದಳು ಚಿಟಿಕೆ, ಹೆಂಡತಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು.

"ಈಗ್ಲೇ ಕಂದಾ. ಈಗ್ಲೇ."

ಚಿಟಿಕೆ ಅತ್ತೆಯ ಹತ್ತಿರ ಹೋದಳು. "ಬೇಕು." ಅತ್ತೆ ಕೈಚೀಲವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದರು. ಮಗುವಿನ ಮುಖ ನೋಡಲಾರದೆ ಫ್ಯಾನ್ ನೋಡಿದರು. ಆಮೇಲೆ ಅವನ ಸರದಿ. ಅವನು ಕೀಲಿಗೊಂಚಲು ಕೊಟ್ಟ. ಅವಳು ಅದನ್ನು ನೆಲಕ್ಕೆ ಎಸೆದು ಜೋರಾಗಿ ಅತ್ತಳು. ಓಣಿಯವರೆಲ್ಲ ತಿರುಗಿ ನೋಡಿದರು. ಒಬ್ಬ ಹೆಂಗಸು ಬಿಸ್ಕತ್ತು ಚಾಚಿದಳು. ಹೆಂಡತಿ, "ಬೇಡಮ್ಮ, ಈಗ ಕೊಡೋ ಹಾಗಿಲ್ಲ" ಎಂದಳು.

ಅಳು ನಿಂತಿತು. ತಾನಾಗಿ ನಿಂತದ್ದರಿಂದ ಮೂವರಿಗೂ ಒಂದು ಕ್ಷಣ ಹಗುರಾಯಿತು. ಆಮೇಲೆ ಹೆಂಡತಿ ಬಗ್ಗಿ ನೋಡಿದಳು.

ಚಿಟಿಕೆ ಮುಷ್ಟಿಯನ್ನು ಗೆಣ್ಣಿನ ತನಕ ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣು ಗೋಡೆಯ ಮೇಲಿತ್ತು. ಆ ಗೋಡೆಯಲ್ಲಿ ಏನೂ ಇರಲಿಲ್ಲ.

"ಬಾಟ್ಲಿ ಕೊಡಿ," ಎಂದಳು ಹೆಂಡತಿ.

ಚೀಲ ಅವನ ತೊಡೆಯ ಮೇಲಿತ್ತು. "ಇನ್ನು ಇಬ್ಬರೇ ಇರೋದು ನಮ್ಮ ಮುಂದೆ," ಎಂದ. "ಐದು ನಿಮಿಷ ಅಷ್ಟೇ." ಹೇಳಿದವನು ತಾನೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ.

"ಬಾಟ್ಲಿ ಕೊಡಿ ಅಂದೆ ರೀ."

ಅವನು ಕೊಟ್ಟ. ಚಿಟಿಕೆ ಎರಡೂ ಕೈಯಿಂದ ಹಿಡಿದು, ಮಧ್ಯೆ ಉಸಿರಿಗೂ ಬಿಡದೆ ಕುಡಿದಳು. ಬಾಟಲಿಯ ಗೆರೆಗಳ ಮೇಲೆ ಹಾಲು ಇಳಿಯುವುದನ್ನು ಅವನು ನೋಡಬಾರದು ಎಂದುಕೊಂಡ, ನೋಡಿದ. ನೂರಿಪ್ಪತ್ತು ಮಿಲಿಲೀಟರ್ ಒಳಗೆ ಹೋದ ಮೇಲೆ ನಿಂತಿತು. ಮಗು ತೇಗಿ, ಗೋಡೆ ಬಿಟ್ಟು ಹೆಂಡತಿಯ ಮುಖ ನೋಡಿ ನಕ್ಕಿತು.

ಇನ್ನೂ ಒಂದು ಉಪಾಯ ಉಳಿದಿತ್ತು. ಅತ್ತೆಗೇ ಹೊಳೆದದ್ದು. ಮೂವರೂ ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ, ಸುತ್ತ ಕುಕ್ಕರುಗಾಲಲ್ಲಿ ಕೂತು, "ಶ್ಶ್... ಶ್ಶ್..." ಎಂದರು. ಅತ್ತೆ ನಲ್ಲಿಯನ್ನೂ ಸಣ್ಣಗೆ ಬಿಟ್ಟರು. ಚಿಟಿಕೆಗೆ ಈ ಆಟ ಬಹಳ ಹಿಡಿಸಿತು. ಅವಳೂ "ಶ್ಶ್" ಎಂದಳು. ಬೇರೆ ಏನೂ ಆಗಲಿಲ್ಲ. ಹೊರಗೆ ಅವರನ್ನು ಕೂಗಿದರು.

ಒಳಗೆ ನರ್ಸ್ ಬೆಳಗಿನಿಂದಲೇ ದಣಿದಿದ್ದಳು. "ಪುಟ್ಟ ಮಕ್ಕಳು ಒಂದು ಕಡೆ ನಿಲ್ಲಲ್ಲ. ನೀವೇ ಎತ್ಕೊಂಡು ಆ ದೊಡ್ಡ ಯಂತ್ರದ ಮೇಲೆ ನಿಂತ್ಕೊಳ್ಳಿ ಅಮ್ಮ, ನಿಮ್ಮ ತೂಕ ಕಳೆದು ಬರ್ಕೊಳ್ತೀನಿ. ಸುಮಾರಾಗಿ ಬರುತ್ತೆ, ಪರವಾಗಿಲ್ಲ."

ಸುಮಾರಾಗಿ! ದೊಡ್ಡ ಯಂತ್ರದ ಅಂಕಿ ನೂರು ಗ್ರಾಮಿನ ಹೆಜ್ಜೆಯಲ್ಲಿ ಜಿಗಿಯುತ್ತದೆ ಎಂದು ತಕ್ಕಡಿ ಸಾಹೇಬನಿಗೆ ಗೊತ್ತಿತ್ತು. ಎರಡು ಸಲ ತೂಗಿ ಕಳೆದರೆ ಎಂಟು ಒಂಬೈನೂರು ಬರುವ ಸಂಭವವೂ ಇತ್ತು. ಮೂವತ್ತು ವರ್ಷ ಅಂದಾಜನ್ನು ಅಟ್ಟಾಡಿಸಿಕೊಂಡು ಬಂದವನು ಆಗ ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದ. ಹೆಂಡತಿ ಒಳಂಗಿಯಷ್ಟೇ ಉಳಿಸಿದ ಮಗುವನ್ನು ಎದೆಗೆ ಅವಚಿಕೊಂಡು ಒಂದು ಕಾಲನ್ನು ಹಾಸಿನ ಮೇಲೆ ಇಟ್ಟಳು.

ಅಷ್ಟರಲ್ಲಿ ಚಿಟಿಕೆ ಪಕ್ಕದಲ್ಲಿದ್ದ ಮಕ್ಕಳ ಯಂತ್ರವನ್ನು ನೋಡಿದಳು. ನೀರುಗುಳ್ಳೆ, ಹಾಸು, ಅಂಕಿಯ ಕಿಟಕಿ, ಎಲ್ಲ ಮನೆಯದರಂತೆಯೇ. ಅವನ ಮುದ್ರೆ ಹೊಳೆಯುತ್ತಿತ್ತು. ಅವಳು ಮೈ ಜಾರಿಸಿ, ಹೆಂಡತಿಯ ತೋಳಿನಿಂದ ಇಳಿದು, ಓಡಿಹೋಗಿ ಅದರ ಮೇಲೆ ಹತ್ತಿದಳು. ಯಾರೂ "ಕಂಬ" ಎನ್ನಲಿಲ್ಲ. ಅವಳೇ ಕೈಗಳನ್ನು ತೊಡೆಗೆ ಅಂಟಿಸಿಕೊಂಡಳು, ಕೆನ್ನೆ ಉಬ್ಬಿಸಿದಳು, ಉಸಿರು ಹಿಡಿದಳು.

"ಅಯ್ಯೋ, ಇಂಥ ಮಗೂನ ನಾನು ನೋಡೇ ಇಲ್ಲ!" ನರ್ಸ್ ಪೆನ್ನು ಕೆಳಗಿಟ್ಟು ನಕ್ಕಳು. "ಹೀಗೆ ನಿಲ್ಲೋಕೆ ಯಾರು ಕಲಿಸಿದ್ರು ಇವಳಿಗೆ?"

ಹೆಂಡತಿಯ ಎರಡು ತೋಳುಗಳೂ ಮಗುವನ್ನು ಹಿಡಿದ ಆಕಾರದಲ್ಲೇ ಇನ್ನೂ ಇದ್ದವು. ಅಂಕಿಗಳು ಓಡಿದವು, ತಡವರಿಸಿದವು, ಕೂತವು. ಚಿಟಿಕೆ ಅಲ್ಲಾಡಲಿಲ್ಲ. ಮುಖ ಕೆಂಪೇರಿತು, ಕಣ್ಣುಗಳು ಮಾತ್ರ ಮೇಲೆ ತಿರುಗಿ ಅವನನ್ನು ಹುಡುಕಿದವು. ಚಪ್ಪಾಳೆ ಬೀಳುವ ತನಕ ಅವಳು ಉಸಿರು ಬಿಡುವವಳಲ್ಲ.

ತಕ್ಕಡಿ ಸಾಹೇಬ ಮೂರು ಸಲ ಚಪ್ಪಾಳೆ ತಟ್ಟಿದ.

ಒಂಬತ್ತು ಕಿಲೋ ನಲವತ್ತು ಗ್ರಾಂ.